ಕೌದಿಯ ಹೊಟ್ಟೆ

ಗುರಸಿದ್ದವ್ವನ ಹೊಲಿಗೆ ಅಂಗಡಿಗೆ ಉದ್ದತೋಳಿನ ಯಂತ್ರವೊಂದು ಬಂತು. ಕೈಯಲ್ಲಿ ತಿಂಗಳು ಹಿಡಿಯುತ್ತಿದ್ದ ಕೌದಿಯನ್ನು ಅದು ಒಂದೇ ಹಗಲಿನಲ್ಲಿ ಹೊಲಿದು ಮುಗಿಸುತ್ತಿತ್ತು.

"ನಿನಗಿನ್ನು ವಿಶ್ರಾಂತಿ," ಎಂದು ಯಂತ್ರ ಡಬ್ಬಿಯಲ್ಲಿದ್ದ ಕೈಸೂಜಿಗೆ ಹೇಳಿತು. "ನನ್ನ ಹೊಲಿಗೆ ಒಂದಾದರೂ ಸೊಟ್ಟಗಿದ್ದರೆ ತೋರಿಸು."

"ಒಂದೂ ಇಲ್ಲ," ಎಂದಿತು ಸೂಜಿ. "ಆದರೆ ನಡುವೆ ಅಂಗೈಯಷ್ಟು ಜಾಗ ಬಿಡು."

"ಜಾಗ ಬಿಡುವುದು ಕೈಲಾಗದವರ ಕೆಲಸ," ಎಂದ ಯಂತ್ರ ಅಂಚಿನಿಂದ ಅಂಚಿಗೆ ಓಡಿತು. ಹಿಡಿಕೆ ಹಿಡಿದಿದ್ದ ಗುರಸಿದ್ದವ್ವನೂ ಆ ಓಟದ ಹೆಮ್ಮೆಯಲ್ಲಿ ಮೈಮರೆತಳು.

ಮರುದಿನ, ಮೊಮ್ಮಗಳ ತೊಟ್ಟಿಲಿಗೆಂದು ಕೌದಿ ಹೊಲಿಸಿದ್ದ ದ್ಯಾಮವ್ವ ಬಂದಳು. ಹೊಲಿಗೆ ಕಂಡು ಹಿಗ್ಗಿದಳು. ನಡುವೆ ಅಂಗೈ ಇಟ್ಟು ತಡವಿದವಳೇ ಹುಬ್ಬು ಗಂಟಿಕ್ಕಿದಳು.

"ಯವ್ವಾ, ಇದರ ಹೊಟ್ಟ್ಯಾಗ ರೊಟ್ಟಿ ಚೂರು ಇಟ್ಟೇ ಇಲ್ಲಲ್ಲ! ಹಸದ ಕೌದಿ ಹೊಚ್ಚಿದ ಕೂಸಿಗೆ ಜನ್ಮಕ್ಕೂ ಹೊಟ್ಟಿ ತುಂಬಂಗಿಲ್ಲ. ನನಗ ಬ್ಯಾಡ."

ಗುರಸಿದ್ದವ್ವ ನಾಲಿಗೆ ಕಚ್ಚಿಕೊಂಡಳು. ಡಬ್ಬಿ ತೆರೆದು ಸೂಜಿಯನ್ನು ಎತ್ತಿಕೊಂಡಳು. ನಡುವಿನ ನಾಲ್ಕು ಸಾಲು ಬಿಚ್ಚಿ, ಒಣರೊಟ್ಟಿಯ ಚೂರಿಟ್ಟು, ಮೇಲೊಂದು ಕೆಂಪು ತೇಪೆ ಹಚ್ಚಿದಳು. ಆ ಹೊಲಿಗೆ ತುಸು ಸೊಟ್ಟಗೇ ಬಂತು. ದ್ಯಾಮವ್ವ ಅದನ್ನೇ ಸವರಿ, "ಈಗ ಹೊಟ್ಟಿ ತುಂಬೈತಿ ನೋಡು," ಎಂದು ಕೌದಿಯನ್ನು ಎದೆಗವಚಿಕೊಂಡು ನಡೆದಳು.

ಮುಂದಿನ ಕೌದಿ ಹೊಲಿಯುವಾಗ ಯಂತ್ರ ನಡುವಿಗೆ ಬರುತ್ತಲೇ ತಾನಾಗಿ ನಿಂತು ಸೂಜಿಯನ್ನು ಕರೆಯಿತು.

"ಮನೆ ಕಟ್ಟಿದ್ದೇನೆ. ಒಲೆ ಹಚ್ಚಲು ನೀನೇ ಬರಬೇಕು."

ಸೂಜಿ ತಲೆ ಎತ್ತಿಕೊಂಡೇ ಬಂತು.