ಅರಮನೆಯ ಸುರಂಗದಲ್ಲಿ ನರಿಯ ಹೆಜ್ಜೆ

ಒಂದು ಕಾಡಿನಲ್ಲಿ ಸಿಂಹಗಳ ಹಳೆಯ ಅರಮನೆಯಿತ್ತು. ಅದರಡಿಯಲ್ಲಿ ಅಡುಗೆಮನೆಯಿಂದ ದರ್ಬಾರಿನವರೆಗೆ ಒಂದು ಸುರಂಗ. ಹಿಂದೆ ಆಳುಗಳು ಊಟದ ತಟ್ಟೆ ಹೊತ್ತು ಅದರೊಳಗೇ ಓಡಾಡಬೇಕಿತ್ತಂತೆ. ದೊಡ್ಡವರ ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ! ವಾಪಸು ಬರುವಾಗಲೂ ದರ್ಬಾರಿಗೆ ಬೆನ್ನು ತೋರಿಸುವಂತಿಲ್ಲ, ಹಿಂದಹಿಂದಕ್ಕೇ ನಡೆದು ಬರಬೇಕು. ಈಗ ಆ ಸುರಂಗದ ತುಂಬ ಮಣ್ಣು. ಅದನ್ನು ಅಗೆಯಲು ಸಿಂಹರಾಣಿ ಚಿಪ್ಪುಹಂದಿ ಕರಿಯಕ್ಕನಿಗೆ ಹೇಳಿದಳು. ಒಳಗೆ ಯಾರ ಹಿರಿಯರ ಹೆಜ್ಜೆ ಸಿಗುತ್ತದೋ, ಅವರ ಮನೆತನಕ್ಕೆ ಅರಮನೆಯ ಬೆಚ್ಚನೆಯ ಕೋಣೆಯೊಂದನ್ನು ಕೊಡುವುದಾಗಿ ಡಂಗುರ ಹೊಡೆಸಿದಳು.

ನರಿ ಕೆಂಚಪ್ಪನ ಕಿವಿ ನೆಟ್ಟಗಾಯಿತು. ಮುತ್ತಾತ ಮಂತ್ರಿಯಾಗಿದ್ದ ಎಂದು ನಿನ್ನೆ ಮೊನ್ನೆಯವರೆಗೆ ಜಂಬ ಕೊಚ್ಚುತ್ತಿದ್ದವನು, ಒಂದೇ ಏಟಿಗೆ ಮುತ್ತಾತನನ್ನು ಆಳು ಮಾಡಿಬಿಟ್ಟ. ಏನು ಮಾಡುವುದು ಪಾಪ, ಅವನ ಗವಿ ಕುಸಿದಿತ್ತು, ಮಳೆಗಾಲ ಹತ್ತಿರ ಬಂದಿತ್ತು. ಮೊಲದ ಚೆನ್ನವ್ವನೂ ಆಸೆಯಿಂದ ಬಂದು ನಿಂತಿದ್ದಳು. ಅವಳ ಬಿಲಕ್ಕೆ ನೀರು ನುಗ್ಗಿ, ಮರಿಗಳು ಪೊದೆಯಡಿ ಮಲಗುತ್ತಿದ್ದವು.

ಕರಿಯಕ್ಕನ ಕಡೆಯವರು ಮಣ್ಣೆಲ್ಲ ತೆಗೆದು, ತಳದಲ್ಲಿ ತೆಳ್ಳಗೆ ಒಂದು ಪದರ ಬಿಟ್ಟರು. ಅದನ್ನು ರಾಣಿಯ ಎದುರಿಗೇ ಗುಡಿಸಬೇಕಿತ್ತು. ಎಲ್ಲರೂ ಊಟಕ್ಕೆ ಹೋದದ್ದೇ ತಡ, ಕೆಂಚಪ್ಪ ಒಳಗೆ ನುಸುಳಿದ. ಬಾಲದಿಂದ ಮಣ್ಣು ಸರಿಸಿ ನೋಡಿದರೆ ಜೇಡಿಮಣ್ಣಿನ ನೆಲದಲ್ಲಿ ಬರೀ ಮೊಲದ ಹೆಜ್ಜೆಗಳು! ಆದರೆ ಅವನೇನು ಅಷ್ಟಕ್ಕೇ ಬಿಡುವ ಆಸಾಮಿಯೇ? ನೀರು ಚಿಮುಕಿಸಿ ಸಿಕ್ಕಿದ ಹೆಜ್ಜೆಗಳನ್ನೆಲ್ಲ ಸವರಿ ಹಾಕಿದ. ದರ್ಬಾರಿನ ತನಕ ಠೀವಿಯಿಂದ ನಡೆದು ಹೋದ, ಅಲ್ಲಿಂದ ತಿರುಗಿ ಅಷ್ಟೇ ಠೀವಿಯಿಂದ ನಡೆದು ಬಂದ. ಮೇಲೆ ಮಣ್ಣು ಉದುರಿಸಿ, ಏನೂ ಅರಿಯದವನಂತೆ ಹೊರಗೆ ಕೂತ.

ಸಂಜೆ ರಾಣಿ ಬಂದಳು. ಕರಿಯಕ್ಕ ಗುಡಿಸುತ್ತ ಹೋದಂತೆ ನರಿಯ ಹೆಜ್ಜೆಗಳು ಸಾಲಾಗಿ ಕಂಡವು. ಚೆನ್ನವ್ವ ಮರಿಗಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಕೆಂಚಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಆಗಲಿಲ್ಲ.

"ನಮ್ಮ ಮುತ್ತಾತನ ವಿನಯ ಏನು ಹೇಳಲಿ ತಾಯಿ! ಇದೇ ದಾರಿಯಲ್ಲಿ ಹಿಂದಹಿಂದಕ್ಕೇ ಬರುತ್ತಿದ್ದನಂತೆ. ದರ್ಬಾರಿಗೆ ಒಂದು ದಿನವೂ ಬೆನ್ನು ತೋರಿಸಿದವನಲ್ಲ."

ರಾಣಿ ಬಗ್ಗಿ ನೆಲ ನೋಡಿದಳು. "ಹಾಗಾದರೆ ಇವುಗಳಲ್ಲಿ ಅರ್ಧದಷ್ಟು ಹೆಜ್ಜೆಗಳು ಅಡುಗೆಮನೆಯ ಕಡೆಗೆ ಯಾಕೆ ಮುಖ ಮಾಡಿವೆ, ಕೆಂಚಪ್ಪ?"

ಅಷ್ಟರಲ್ಲಿ ಕರಿಯಕ್ಕ ಕತ್ತಲ ತಿರುವಿನ ಮೂಲೆ ಗುಡಿಸಿದಳು. ಆ ಮೂಲೆ ಕೆಂಚಪ್ಪನ ಅವಸರದಲ್ಲಿ ಉಳಿದುಹೋಗಿತ್ತು. ಅಲ್ಲಿದ್ದವು ಪುಟ್ಟ ಪುಟ್ಟ ಮೊಲದ ಹೆಜ್ಜೆಗಳು, ಒಂದೊಂದೂ ದರ್ಬಾರಿನ ಕಡೆಗೇ ಮುಖ ಮಾಡಿದ್ದವು.

ಕೋಣೆ ಚೆನ್ನವ್ವನದಾಯಿತು. ಆ ಮಳೆಗಾಲವಿಡೀ ಕೆಂಚಪ್ಪ ನೆನೆಯುತ್ತ, ಸುರಂಗದಿಂದ ತೆಗೆದು ಹೊರಗೆ ರಾಶಿ ಹಾಕಿದ್ದ ಮಣ್ಣು ಹೊತ್ತ. ಅದೂ ಹೇಗೆ? ಹಿಂದಹಿಂದಕ್ಕೆ ನಡೆದು! ಕಿಟಕಿಯಲ್ಲಿ ಬೆಚ್ಚಗೆ ಕೂತ ಮೊಲದ ಮರಿಗಳು, "ಸ್ವಲ್ಪ ಎಡಕ್ಕೆ, ನರಿಮಾವ" ಎಂದು ಅವನಿಗೆ ದಾರಿ ಹೇಳುತ್ತಿದ್ದವು.

ನೀತಿ: ಇನ್ನೊಬ್ಬರ ಹೆಜ್ಜೆ ಅಳಿಸಿ ತನ್ನ ಹೆಜ್ಜೆ ಮೂಡಿಸಿದವನು ಆ ಹೆಜ್ಜೆಯಿಂದಲೇ ಸಿಕ್ಕಿಬೀಳುತ್ತಾನೆ.