ಮೂರು ಕಾಲಿನವರ ಮೊದಲ ಸಭೆ

ಲಾರಿಯಡಿ ಸಿಕ್ಕಿ ಹಿಂಗಾಲು ಕಳೆದುಕೊಂಡ ನಾಯಿಯೊಂದು ಯಾರ ಕಣ್ಣಿಗೂ ಬೀಳದೆ ಪೊದೆಯಲ್ಲಿ ಅಡಗಿತ್ತು. “ನನ್ನ ಬಾಲದಂತೆ ನಿನ್ನ ಕಾಲೂ ಮತ್ತೆ ಬೆಳೆಯುತ್ತದೆ” ಎಂದು ಹಲ್ಲಿ ಸಮಾಧಾನ ಹೇಳಿತು. ನಾಯಿ ಕಾದೇ ಕಾದಿತು. ಕಾಲು ಬೆಳೆಯಲಿಲ್ಲ, ಸಂಕಟ ಬೆಳೆಯಿತು.

ಒಂದು ದಿನ, ಒಂದು ಮುಂಗಾಲಿಲ್ಲದ ಮೇಕೆ ಕುಂಟುತ್ತ ಬಂದು ಕೇಳಿತು: “ಅಣ್ಣಾ, ಇಲ್ಲದ ಕಾಲು ನಿನಗೂ ತುರಿಸುತ್ತದೆಯೇ?”

“ಅಯ್ಯೋ, ನಿನಗೂ ಹಾಗೆಯೇ? ನನಗೆ ಹುಚ್ಚು ಹಿಡಿಯಿತೆಂದುಕೊಂಡಿದ್ದೆ!” ನಾಯಿ ಬಹಳ ದಿನಗಳ ಮೇಲೆ ನಕ್ಕಿತು.

“ಹೀಗೆ ಒಬ್ಬೊಬ್ಬರೇ ಕೊರಗುವವರು ಊರಲ್ಲಿ ಇನ್ನೂ ಇದ್ದಾರು. ಎಲ್ಲರನ್ನೂ ಸೇರಿಸೋಣ” ಎಂದಿತು ಮೇಕೆ.

ಸಂಜೆ ಹೊಂಗೆ ಮರದಡಿಗೆ ನಾಯಿ ಒಂಟಿಗಾಲಿನ ಗೊರವಂಕವನ್ನು ಕರೆತಂದಿತು. ಮೇಕೆ ಮೂರು ಕಾಲಿನ ಬೆಕ್ಕನ್ನು ಕರೆತಂದಿತು. ನಾಯಿಯನ್ನು ಕಂಡದ್ದೇ ತಡ, ಬೆಕ್ಕು ಓಟ ಕಿತ್ತಿತು. ನಾಯಿ ಹಳೆಯ ಅಭ್ಯಾಸದಂತೆ ಅಟ್ಟಿಸಿಕೊಂಡು ಹೋಯಿತು. ಮರವನ್ನು ಒಂದು ಸುತ್ತು ಹಾಕಿದ ಮೇಲೆ ಎರಡೂ ಗಕ್ಕನೆ ನಿಂತವು.

“ಅರೆ, ನಾವು ಓಡಿದೆವಲ್ಲ!”

“ಸಭೆ ಶುರುವಾಯಿತು” ಎಂದಿತು ಗೊರವಂಕ.