ಗಂಟು ಬಿಚ್ಚುವವನ ಆಯ್ಕೆ

"ಗುರುಗಳೇ, ಎಕ್ಸ್‌ಎಂಎಲ್ ಓದುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಲೈಬ್ರರಿ ಯಾವುದು?" ಎಂದು ಮಂದಾಕಿನಿ ಕೇಳಿದಳು.

ಶಾಂತವೀರಯ್ಯನವರು ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಕಾಲೇಜಿನಲ್ಲಿ ಅವಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿದವರು ಅವರೇ. ಈಗ ನಿವೃತ್ತರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

"ಯಾತಕ್ಕೆ ತಾಯಿ?" ಎಂದರು.

ಯಾತಕ್ಕೆಂದರೆ, ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ ಜನಪದ ಕತೆಗಳನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಬರೆದುಕೊಡಲು ಅವಳು ಒಪ್ಪಿಕೊಂಡಿದ್ದಳು. ಕತೆಗಳೆಲ್ಲ ಒಂದೇ ದೊಡ್ಡ ಫೈಲಿನಲ್ಲಿದ್ದವು. ಪುಸ್ತಕದೊಳಗೆ ಕತೆ, ಕತೆಯೊಳಗೆ ಮಾತು, ಪ್ರತಿಯೊಂದರ ಹಿಂದೆ ಮುಂದೆ ಅದು ಏನೆಂದು ತಿಳಿಸುವ ಗುರುತು. ಹಾಗೆ ಗುರುತು ಹಾಕಿ ಬರೆಯುವ ರೀತಿಯನ್ನೇ ಎಕ್ಸ್‌ಎಂಎಲ್ ಎನ್ನುತ್ತಾರೆ. ಆ ಗುರುತುಗಳನ್ನು ಬಿಡಿಸಿ ಓದುವ ಕೆಲಸಕ್ಕೆ ಬೇರೆಯವರು ಮೊದಲೇ ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳಿವೆ, ಅವನ್ನು ಲೈಬ್ರರಿ ಎನ್ನುತ್ತಾರೆ. ಒಂದನ್ನು ಆರಿಸಿಕೊಂಡರೆ ಆಯಿತು. ಮಂದಾಕಿನಿ ಆರಿಸುತ್ತಲೇ ಇದ್ದಳು. ದಸರಾ ರಜೆಗೆ ಮುಂಚೆ ಕೊಡುತ್ತೇನೆಂದು ಮಾತು ಕೊಟ್ಟವಳು, ರಜೆ ಮುಗಿಯುತ್ತ ಬಂದರೂ ಮೀನಮೇಷ ಎಣಿಸುತ್ತಿದ್ದಳು. ಮಕ್ಕಳು ಕಾಯುತ್ತಿದ್ದಾರೆ ಎಂದು ಶಾಲೆಯಿಂದ ಫೋನ್ ಬಂದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

"ಒಂದು ಲೈಬ್ರರಿ ಫೈಲನ್ನೆಲ್ಲ ಒಂದೇ ಸಲಕ್ಕೆ ಒಳಗೆ ತಂದು ಹರಡಿಕೊಳ್ಳುತ್ತದೆ. ಆಮೇಲೆ ಎಲ್ಲಿಂದ ಬೇಕಾದರೂ ತೆಗೆದು ಕೊಡುತ್ತದೆ. ಆದರೆ ಅದಕ್ಕೆ ಕಂಪ್ಯೂಟರಿನ ಮೆಮೊರಿಯಲ್ಲಿ ವಿಪರೀತ ಜಾಗ ಬೇಕು. ಇನ್ನೊಂದು ಮೊದಲಿನಿಂದ ಓದುತ್ತ ಹೋಗುತ್ತದೆ. ಬಹಳ ಹಗುರ, ಆದರೆ ಹಿಂದಿರುಗಿ ನೋಡುವುದಿಲ್ಲ. ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಾರೆ ಗುರುಗಳೇ. ತಪ್ಪು ಆರಿಸಿಬಿಟ್ಟರೆ ಎಲ್ಲವನ್ನೂ ಮತ್ತೆ ಬರೆಯಬೇಕು" ಎಂದಳು.

"ಸುಲಿ" ಎಂದು ಅವರು ಕಡಲೆಕಾಯಿಯ ಬುಟ್ಟಿಯನ್ನು ಅವಳ ಕಡೆಗೆ ಸರಿಸಿದರು. ಆಮೇಲೆ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ವರ್ಷಕ್ಕೊಮ್ಮೆ, ಮುಂಗಾರಿನ ಹೊತ್ತಿಗೆ, ದೂರದ ಪೇಟೆಯಿಂದ ಅವನಿಗೆ ಎತ್ತುಗಳ ಮೇಲೆ ಹೇರು ಬರುತ್ತಿತ್ತು. ಮೂಟೆ ಕಟ್ಟುವುದರಲ್ಲಿ ಆ ಪೇಟೆಯವರದೇ ಒಂದು ಪದ್ಧತಿ. ಮೂಟೆಯೊಳಗೆ ಗಂಟು, ಗಂಟಿನೊಳಗೆ ಇನ್ನೊಂದು ಗಂಟು. ಪ್ರತಿ ಗಂಟಿಗೂ ಬಣ್ಣದ ದಾರ. ಯಾವ ಬಣ್ಣದಲ್ಲಿ ಕಟ್ಟಲು ಶುರು ಮಾಡಿದರೋ ಅದೇ ಬಣ್ಣದಲ್ಲಿ ಬಿಗಿದು ಮುಗಿಸಬೇಕು. ಒಳಗಿನದು ಮುಗಿಯದೆ ಹೊರಗಿನದನ್ನು ಬಿಗಿಯುವಂತಿಲ್ಲ. ಈ ಪದ್ಧತಿ ತಿಳಿಯದವನು ಕೈ ಹಾಕಿದರೆ ಸಾಸಿವೆಯೂ ರಾಗಿಯೂ ಕಲೆತು, ಆರಿಸುವುದರಲ್ಲೇ ಜನ್ಮ ಸವೆಯಬೇಕು. ಅದಕ್ಕೇ ಗಂಟು ಬಿಚ್ಚುವುದನ್ನೇ ಕಸುಬು ಮಾಡಿಕೊಂಡವರು ಇದ್ದರು.

ವ್ಯಾಪಾರಿಯ ಹಳೆಯ ಆಳು ವಯಸ್ಸಾಗಿ ಮಗಳ ಊರಿಗೆ ಹೋದ. ಹೊಸಬನನ್ನು ಹುಡುಕಲು ವ್ಯಾಪಾರಿ ಹೊರಟ. ಅವನು ಜಾಣ. ಜಾಣರಿಗೆ ಎಲ್ಲದರಲ್ಲೂ ಎಲ್ಲಕ್ಕಿಂತ ಒಳ್ಳೆಯದೇ ಆಗಬೇಕು. ಅದೊಂದು ರೋಗ, ಮದ್ದಿಲ್ಲ.

ಮಂದಾಕಿನಿ ತಲೆ ಎತ್ತದೆ ಸುಲಿದಳು.

ಅವನಿಗೆ ಇಬ್ಬರು ಸಿಕ್ಕಿದರು. ಒಬ್ಬ ಅರಮನೆಯ ಉಗ್ರಾಣದಲ್ಲಿ ಕೆಲಸ ಮಾಡಿದವನು. "ಹೇರನ್ನೆಲ್ಲ ಒಳಗೆ ತರಿಸಿ. ಒಂದು ಗಂಟೂ ಉಳಿಯದ ಹಾಗೆ ಬಿಚ್ಚಿ ಹರಡುತ್ತೇನೆ. ಆಮೇಲೆ ನೀವು ಏನು ಕೇಳಿದರೂ ಕೂತಲ್ಲಿಂದಲೇ ತೋರಿಸುತ್ತೇನೆ" ಎಂದ. ಇನ್ನೊಬ್ಬ ಸಂತೆ ಬೀದಿಯವನು. "ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ. ಎತ್ತು ಒಂದೊಂದೇ ಬರಲಿ. ಬಂದದ್ದನ್ನು ಬಂದ ಹಾಗೆ ಬಿಚ್ಚಿ ಕೂಗಿ ಹೇಳುತ್ತೇನೆ. ದಾಟಿ ಹೋದದ್ದನ್ನು ಮಾತ್ರ ಕೇಳಬೇಡಿ" ಎಂದ.

ವ್ಯಾಪಾರಿ ಇಬ್ಬರ ಕೈಗೂ ಗಂಟು ಕೊಟ್ಟು ಪರೀಕ್ಷೆ ಮಾಡಿದ. ಯಾರ ಕೈ ಚುರುಕು, ಯಾರ ಹೆಸರು ದೊಡ್ಡದು ಎಂದು ಊರೂರು ತಿರುಗಿ ವಿಚಾರಿಸಿದ. ಅಷ್ಟರಲ್ಲಿ ಮೊದಲ ಮಳೆ ಬಿತ್ತು. ಹೇರು ಬಂದು ಬಾಗಿಲ ಮುಂದೆ ನಿಂತಿತು. ಅದರ ಹಿಂದೆಯೇ ರೈತರೂ ಬಂದು ನಿಂತರು. ಯಾಕೆ ನಿಂತಿರಿ ಎಂದು ಕೇಳಲು ವ್ಯಾಪಾರಿಗೆ ಪುರುಸೊತ್ತು ಎಲ್ಲಿ? ಅಳೆದು ಸುರಿದು ಅವನು ಅರಮನೆಯವನನ್ನೇ ಆರಿಸಿದ. ಅರಮನೆಗೆ ಆಗಿಬಂದದ್ದು ನನಗೆ ಆಗದೆ ಇರುತ್ತದೆಯೇ ಎಂದುಕೊಂಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಬಿಚ್ಚುವುದು ಶುರುವಾಯಿತು. ಅಂಗಳ ತುಂಬಿತು, ಜಗಲಿ ತುಂಬಿತು. ನಡುಮನೆಯಲ್ಲಿ ಮೆಣಸು, ದೇವರ ಕೋಣೆಯಲ್ಲಿ ಅರಿಸಿನ. ವ್ಯಾಪಾರಿಯ ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು ಕೊತ್ತಂಬರಿ ಬೀಜ ದಾಟಿ ಒಲೆಯ ಹತ್ತಿರ ಹೋಗಬೇಕಾಯಿತು. ಅರ್ಧ ಹೇರು ಇನ್ನೂ ಬೀದಿಯಲ್ಲೇ ಇತ್ತು. "ಮಂಚ ಹೊರಗೆ ಹಾಕಿ, ಜಾಗ ಆಗುತ್ತದೆ" ಎಂದು ವ್ಯಾಪಾರಿ ಹೇಳುತ್ತಿದ್ದ. ಬಿಚ್ಚುವವನದು ಏನೂ ತಪ್ಪಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅವನ ಕೈ ನಿಜಕ್ಕೂ ಬಂಗಾರ. ಅರಮನೆಯ ಉಗ್ರಾಣ ದೊಡ್ಡದು. ಅಲ್ಲಿ ಹಿಂದಿನದನ್ನೂ ಮುಂದಿನದನ್ನೂ ವರ್ಷವಿಡೀ ಕೇಳುವವರಿದ್ದರು.

ಹೆಂಡತಿ ಮಜ್ಜಿಗೆ ತೆಗೆದುಕೊಂಡು ಹೊರಗೆ ಹೋದಳು. ಬಿಸಿಲಲ್ಲಿ ನಿಂತ ಒಬ್ಬ ರೈತನನ್ನು, "ಏನು ಬೇಕಪ್ಪಾ ನಿಮಗೆಲ್ಲ?" ಎಂದು ಕೇಳಿದಳು.

"ಜೋಳದ ಬೀಜ ತಾಯಿ. ಬಂದಿದೆಯೋ ಇಲ್ಲವೋ ಅಂತ ಕೇಳಿದರೆ, ಎಲ್ಲ ಹರಡಿದ ಮೇಲೆ ಹೇಳುತ್ತೇನೆ ಅಂತಾನೆ ನಿಮ್ಮ ಗಂಟು ಬಿಚ್ಚುವವನು. ನೆಲ ಹದವಾಗಿದೆ. ನಾಳೆಗೆ ಆರಿಬಿಡುತ್ತದೆ. ಈ ಹದ ತಪ್ಪಿದರೆ ಈ ವರ್ಷದ ಬಿತ್ತನೆ ಕೈಬಿಟ್ಟ ಹಾಗೇ."

"ಬೇರೆ ಏನೂ ಬೇಡವೇ?"

"ಬೇರೆಯದು ನಿಧಾನಕ್ಕೆ ಆಗುತ್ತದೆ."

ಅವಳು ಗಂಡನನ್ನು ಕೇಳುತ್ತ ಕೂರಲಿಲ್ಲ. ಸಂತೆ ಬೀದಿಯವನಿಗೆ ಹೇಳಿಕಳಿಸಿದಳು. ಅವನು ಬಂದು ಬೀದಿಯಲ್ಲಿದ್ದ ಎತ್ತುಗಳ ಸಾಲಿನ ಮುಂದೆ ನಿಂತ. ಇದು ಜೀರಿಗೆ, ಕಟ್ಟಿ ಮುಂದೆ ಬಿಡಿ. ಇದು ಮೆಂತ್ಯ, ಮುಂದೆ ಬಿಡಿ. ಹೀಗೇ ಬಿಚ್ಚುತ್ತ ಹೋದಾಗ ಜೋಳದ ಬೀಜ ಸಿಕ್ಕಿತು. ಸಿಕ್ಕಿದ ಹಾಗೆಯೇ ರೈತರ ಚೀಲಕ್ಕೆ ಬಿತ್ತು. ಹೊತ್ತು ಮುಳುಗುವುದರೊಳಗೆ ಬಿತ್ತನೆ ಮುಗಿಯಿತು. ಊರು ಉಂಡು ನೆಮ್ಮದಿಯಾಗಿ ಮಲಗಿತು. ವ್ಯಾಪಾರಿಯೂ ಮಲಗಿದ, ಬೀದಿಗೆ ಹಾಕಿದ ಮಂಚದ ಮೇಲೆ.

ಮಂದಾಕಿನಿಗೆ ನಗು ಬಂತು. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. "ಗೊತ್ತಾಯಿತು ಗುರುಗಳೇ. ಬಾಗಿಲಲ್ಲಿ ನಿಂತು ಓದುವುದೇ ಸರಿ. ಆ ಹಗುರದ ಲೈಬ್ರರಿಯನ್ನೇ ತೆಗೆದುಕೊಳ್ಳುತ್ತೇನೆ" ಎಂದಳು.

"ಸ್ವಲ್ಪ ತಾಳು. ಮರುವರ್ಷ ಆ ಊರಿನಲ್ಲಿ ಒಂದು ಮದುವೆ ಬಂತು. ಹೆಣ್ಣಿನ ಕಡೆಯವರು ವ್ಯಾಪಾರಿಯ ಮನೆಗೆ ಬಂದರು. ಇದು ತೋರಿಸಿ, ಅದು ತೋರಿಸಿ, ಮೊದಲು ತೋರಿಸಿದ್ದನ್ನೇ ಇನ್ನೊಮ್ಮೆ ತೋರಿಸಿ ಎಂದರು. ಬಾಗಿಲಲ್ಲಿ ನಿಂತವನು ಅದು ದಾಟಿ ಹೋಯಿತು ಎಂದ. ವ್ಯಾಪಾರಿ ಹೋಗಿ ಅರಮನೆಯವನ ಕೈಕಾಲು ಹಿಡಿದು ಕರೆತಂದ."

ಮಂದಾಕಿನಿಯ ಕೈ ಬುಟ್ಟಿಯಲ್ಲೇ ನಿಂತಿತು. ಇಷ್ಟು ಹೊತ್ತು ಕೇಳಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಅವಳಿಗೆ ಸ್ವಲ್ಪ ಸಿಟ್ಟೂ ಬಂತು.

"ಹಾಗಾದರೆ ನನ್ನ ಮಕ್ಕಳಿಗೆ ಯಾವುದು ಸರಿ, ನೀವೇ ಹೇಳಿಬಿಡಿ ಗುರುಗಳೇ. ಅವರು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಸುಮ್ಮನೆ ಕೇಳುತ್ತಾರೋ, ಇಷ್ಟವಾದ ಜಾಗವನ್ನೇ ಮತ್ತೆ ಮತ್ತೆ ಹೇಳು ಅನ್ನುತ್ತಾರೋ, ಇಲ್ಲಿ ಕೂತವಳಿಗೆ ಹೇಗೆ ಗೊತ್ತಾಗಬೇಕು?"

ಶಾಂತವೀರಯ್ಯನವರು ಸುಲಿದ ಕಾಳನ್ನು ಅವಳ ಅಂಗೈಗೆ ಸುರಿದರು.

"ಅವರಲ್ಲಿ ಒಂದು ಮಗುವಿನ ಹೆಸರು ಹೇಳು ತಾಯಿ, ಅದನ್ನೇ ಕೇಳೋಣ" ಎಂದರು.

ಮಂದಾಕಿನಿಗೆ ಒಂದು ಹೆಸರೂ ಗೊತ್ತಿರಲಿಲ್ಲ; ಅವಳು ಶಾಲೆಗೆ ಫೋನ್ ಮಾಡಿದಳು.